ಎಷ್ಟು ಲೀಟರಿನ ತಂಪು?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಫ್ರಿಜ್ ಕೆಟ್ಟುಹೋಯಿತು. 2011ರಲ್ಲಿ ತಂದದ್ದು. ಗುಡುಗಿನ ರಾತ್ರಿಯಲ್ಲಿ ಹೋದ ಕರೆಂಟು ಬೆಳಿಗ್ಗೆ ಮರಳಿ ಬಂದಾಗ ಮನೆಯ ಬಲ್ಬು, ಫ್ಯಾನು ಎಲ್ಲ ಎದ್ದವು, ಅದೊಂದು ಏಳಲಿಲ್ಲ. ರಿಪೇರಿಗೆ ಬಂದವನು ಹಿಂಬದಿಯ ಕಂಪ್ರೆಸರನ್ನು ಎರಡು ಸಲ ತಟ್ಟಿ ನೋಡಿ, "ಇದಕ್ಕೆ ಹಣ ಹಾಕುವುದು ಬೇಡ ಟೀಚರೇ, ಹೊಸದೇ ತನ್ನಿ" ಎಂದ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೊಲ್ಲಮೊಗ್ರಿನಿಂದ ಬಸ್ಸು ಹಿಡಿದು ಸುಳ್ಯದ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಮೊದಲು ಕೇಳಿದ್ದು ಬೆಲೆಯ ಮಾತನ್ನಲ್ಲ.

"ಎಷ್ಟು ಲೀಟರಿನದ್ದು ಬೇಕು ಮೇಡಂ?"

ಮಗಳು ಆಗಲೇ ಎರಡು ಬಾಗಿಲಿನ ದೊಡ್ಡ ಫ್ರಿಜ್ಜಿನ ಮುಂದೆ ನಿಂತಿದ್ದಳು. ನಮ್ಮ ಯಜಮಾನರು ಅದರ ಬೆಲೆಯ ಚೀಟಿ ಓದಿ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ನನಗೆ ಮಾತ್ರ ಹುಡುಗನ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಒಂದು ಮನೆಗೆ ಎಷ್ಟು ತಂಪು ಬೇಕು ಎಂದು ಯಾರು ಹೇಳಬೇಕು? ಅಂದು ಬರಿಗೈಯಲ್ಲಿ ಮರಳಿದೆವು. ಆಮೇಲಿನ ಒಂದು ವಾರ ಓದಿದ್ದು, ಕಂಡದ್ದು, ಕೇಳಿದ್ದು ಎಲ್ಲವೂ ನೆನಪಾಗಿ ಈ ಬರಹವಾಯಿತು.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಆಗ ಅದು ಬಿಜಾಪುರ. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ. ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಅಮ್ಮಿಯ ಸುರಾಹಿ ಇತ್ತು. ಮರಳಿನ ಮೇಲೆ ಕೂರಿಸಿ, ಮೈಗೆ ಒದ್ದೆ ಬಟ್ಟೆ ಸುತ್ತಿದ ಆ ಮಣ್ಣಿನ ಹೂಜಿಯ ನೀರು ಏಪ್ರಿಲ್‌ನ ಉರಿಯಲ್ಲೂ ಹಲ್ಲಿಗೆ ಜುಮ್ಮೆನ್ನುತ್ತಿತ್ತು. ಊರಿಗೆ ಹತ್ತಿರದ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಬೇಸಗೆಯ ವಿಹಾರಕ್ಕೆಂದು ಕಟ್ಟಿಸಿದ ಜಲಮಂಟಪಗಳಿವೆ. ಕೊಳವೆಗಳಲ್ಲಿ ಹರಿದು ಬಂದ ನೀರು ಅಲ್ಲಿ ಮೇಲಿನಿಂದ ಹನಿಹನಿಯಾಗಿ ಉದುರಿ ಒಳಗಿನ ಗಾಳಿಯನ್ನು ತಣಿಸುತ್ತಿತ್ತು. ಸುಲ್ತಾನನ ಮಂಟಪಕ್ಕೂ ಅಮ್ಮಿಯ ಸುರಾಹಿಗೂ ಗುಟ್ಟು ಒಂದೇ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಬಯಲುಸೀಮೆಯ ಒಣಗಾಳಿ ಆ ಆವಿಯನ್ನು ಬಾಯಾರಿದವನಂತೆ ಕುಡಿಯುತ್ತದೆ.

ಶಿಕ್ಷಕಿಯಾಗಿ ನೇಮಕವಾದಾಗ ನನಗೆ ಸಿಕ್ಕಿದ್ದು ದಕ್ಷಿಣ ಕನ್ನಡ ಜಿಲ್ಲೆ. ಸುಬ್ರಹ್ಮಣ್ಯದ ಆಚೆ, ಘಟ್ಟದ ಬುಡದಲ್ಲಿ, ಅಡಿಕೆ ತೋಟ ಮತ್ತು ರಬ್ಬರಿನ ನಡುವಿನ ಕೊಲ್ಲಮೊಗ್ರಿಗೆ ಬರುವಾಗ ಟ್ರಂಕಿನ ಜೊತೆ ಒಂದು ಸುರಾಹಿಯನ್ನೂ ತಂದಿದ್ದೆ. ಅದು ಇಲ್ಲಿ ಸೋತಿತು. ಇಲ್ಲಿಯ ಗಾಳಿ ಮೊದಲೇ ನೀರು ಕುಡಿದು ತೇಗುತ್ತಿರುತ್ತದೆ, ಹೂಜಿಯ ಮೈಯ ತೇವವನ್ನು ಅದು ಮುಟ್ಟುವುದಿಲ್ಲ. ಜುಲೈಯಲ್ಲಿ ನನ್ನ ಸುರಾಹಿ ತಣ್ಣಗಾಗುವ ಬದಲು ಪಾಚಿ ಕಟ್ಟಿತು. ನೈಜೀರಿಯಾದ ಮುಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ತರಕಾರಿ ಕೆಡದಂತೆ ಇಡುವ ಸಾಧನವನ್ನು ತಮ್ಮ ನಾಡಿನ ಬಡವರಿಗೆ ಹಂಚಿದರು. 2000ದಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಗುಜರಾತಿನ ವಾಂಕಾನೇರಿನ ಮನಸುಖಭಾಯಿ ಪ್ರಜಾಪತಿಯವರು ಜೇಡಿಮಣ್ಣಿನ ಫ್ರಿಜ್ಜನ್ನೇ ಮಾಡಿ ಮಾರಾಟಕ್ಕಿಟ್ಟರು. ಎರಡೂ ಒಣ ನಾಡಿನ ಜಾಣತನಗಳು. ಕೊಲ್ಲಮೊಗ್ರಿನ ಮಳೆಗಾಲದಲ್ಲಿ ಎರಡೂ ನಡೆಯಲಾರವು.

ಹಾಗಾದರೆ ಈ ನಾಡಿನವರು ಫ್ರಿಜ್ ಬರುವ ಮೊದಲು ಏನು ಮಾಡುತ್ತಿದ್ದರು? ಅವರು ತಂಪಿನ ಗೋಜಿಗೇ ಹೋಗಲಿಲ್ಲ. ಉಪ್ಪು, ಬಿಸಿಲು, ಹೊಗೆ, ಈ ಮೂರನ್ನು ನಂಬಿದರು. ಹಲಸಿನ ಸೊಳೆ ಭರಣಿಯ ಉಪ್ಪಿನಲ್ಲಿ ಮುಳುಗಿತು. ಮಾವಿನ ಮಿಡಿ ಉಪ್ಪಿನಕಾಯಿಯಾಯಿತು. ಹಲಸು ಹಪ್ಪಳವಾಗಿ ಬಿಸಿಲಿಗೆ ಬಿತ್ತು. ಸೌತೆಕಾಯಿಗಳು ಒಂದೊಂದಾಗಿ ಕಟ್ಟಿಸಿಕೊಂಡು ಅಟ್ಟದ ಕೆಳಗೆ ನೇತಾಡಿದವು. ಬೇಸಗೆಯಲ್ಲಿ ಕಡಲ ತೀರದಲ್ಲಿ ಒಣಗಿದ ಮೀನು ಮಳೆಗಾಲಕ್ಕೆ ಘಟ್ಟದ ಬುಡದ ಅಡುಗೆಮನೆ ಸೇರಿ ಒಲೆಯ ಮೇಲಿನ ಹೊಗೆಯಲ್ಲಿ ಬೆಚ್ಚಗೆ ಕೂತಿತು. ಇವತ್ತಿಗೂ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ 61 ದಿನಗಳಲ್ಲಿ ಆ ಒಣಮೀನಿನ ಬೆಲೆ ಏನೆಂದು ಇಲ್ಲಿಯವರಿಗೆ ಗೊತ್ತು. ಕೆಡದಂತೆ ಇಡುವ ಈ ವಿದ್ಯೆ ಬಹುಪಾಲು ಹೆಂಗಸರ ಕೈಯಲ್ಲಿತ್ತು. ಇದಕ್ಕೆ ವಿದ್ಯುತ್ತು ಬೇಕಿರಲಿಲ್ಲ, ಮೈಮುರಿಯುವ ದುಡಿಮೆ ಬೇಕಿತ್ತು.

ತಂಪು ಮಾತ್ರ ಬಹುಕಾಲ ದೊರೆಗಳದೇ ಸೊತ್ತು. ಅಬುಲ್ ಫಜಲ್ ತನ್ನ 'ಐನ್-ಎ-ಅಕ್ಬರಿ'ಯಲ್ಲಿ ಅಕ್ಬರನ ನೀರಿನ ಕೋಠಿ, ಅಂದರೆ ಆಬ್‌ದಾರ್ ಖಾನಾದ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾನೆ. ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಕುಡಿಯುವ ನೀರಿನ ಲೋಹದ ಹೂಜಿಯನ್ನು ಬಾಯಿ ಮುಚ್ಚಿ ಅದರಲ್ಲಿ ಕಾಲು ಗಂಟೆ ಆಡಿಸಿದರೆ ಒಳಗಿನ ನೀರು ತಣ್ಣಗಾಗುತ್ತದೆ. ಪೆಟ್ಲುಪ್ಪೆಂದರೆ ಮದ್ದುಗುಂಡಿನ ಮುಖ್ಯ ಸಾಮಗ್ರಿ. ತೋಪಿನಲ್ಲಿ ಬೆಂಕಿಯಾಗುವ ವಸ್ತುವೇ ಬಾದಶಹನ ಲೋಟದಲ್ಲಿ ತಂಪಾಯಿತು ಎಂಬುದನ್ನು ಅಬುಲ್ ಫಜಲ್ ಕೂಡ ಗಮನಿಸದೆ ಬಿಟ್ಟಿಲ್ಲ. 1586ರ ಹೊತ್ತಿಗೆ ಅಕ್ಬರನ ಬಿಡಾರ ಪಂಜಾಬಿನ ಕಡೆಗೆ ಸರಿದ ಮೇಲೆ ಬೆಟ್ಟಗಳಿಂದ ಹಿಮದ ಗಡ್ಡೆಗಳು ದೋಣಿ, ಗಾಡಿ, ಕೂಲಿಗಳ ಹೆಗಲ ಮೇಲೆ ಲಾಹೋರಿಗೆ ಬರತೊಡಗಿದವು. ಬೇಸಗೆಯಲ್ಲಿ ಎಲ್ಲ ದರ್ಜೆಯವರೂ ಅದನ್ನು ಕೊಳ್ಳುತ್ತಿದ್ದರು, ಅಮೀರರಿಗೆ ವರ್ಷವಿಡೀ ಬೇಕಿತ್ತು ಎಂದು ಅವನೇ ಬರೆಯುತ್ತಾನೆ. ಹಿಮ ಹೊತ್ತ ಕೂಲಿಯ ಗಂಟಲಿಗೆ ಅದರ ಒಂದು ಚೂರಾದರೂ ಇಳಿಯಿತೇ ಎಂಬುದಕ್ಕೆ ಆ ಗ್ರಂಥದಲ್ಲಿ ಜಾಗವಿಲ್ಲ.

ಹಿಮವಿಲ್ಲದ ಅಲಹಾಬಾದಿನಲ್ಲೂ ಐಸ್ ಆಗುತ್ತಿತ್ತು. ಚಳಿಗಾಲದ ರಾತ್ರಿ ಬಯಲಿನಲ್ಲಿ ತಗ್ಗು ತೋಡಿ, ಒಣ ಕಬ್ಬಿನ ಸಿಪ್ಪೆಯ ಹಾಸಿನ ಮೇಲೆ ಮಣ್ಣಿನ ತಟ್ಟೆಗಳನ್ನಿಟ್ಟು, ತೆಳ್ಳಗೆ ನೀರು ತುಂಬಿಸಿದರೆ ಸೂರ್ಯ ಹುಟ್ಟುವ ಮೊದಲು ಮೇಲೆ ಗರಿಯಂಥ ಐಸ್ ಕಟ್ಟುತ್ತಿತ್ತು. ಇದನ್ನು ನೋಡಿ ಬೆರಗಾದ ರಾಬರ್ಟ್ ಬಾರ್ಕರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಾಡಿದ ವರ್ಣನೆಯನ್ನು ಲಂಡನ್ನಿನ ರಾಯಲ್ ಸೊಸೈಟಿ 1775ರಲ್ಲಿ ಪ್ರಕಟಿಸಿತು.

ಮುಂದಿನ ಅಧ್ಯಾಯ ವ್ಯಾಪಾರಿಗಳದು. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನಿಂದ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಕೆರೆಯ ಐಸನ್ನು ಹೊತ್ತು ಹೊರಟಿತು. ಕಳಿಸಿದವನು ಫ್ರೆಡರಿಕ್ ಟ್ಯೂಡರ್. ನಾಲ್ಕು ತಿಂಗಳ ಯಾನದಲ್ಲಿ ಎರಡು ಸಲ ಸಮಭಾಜಕವನ್ನು ದಾಟಿ ಕಲ್ಕತ್ತ ತಲುಪುವಾಗ ಸುಮಾರು 100 ಟನ್ ಉಳಿದಿತ್ತು. ಬಿಸಿಲಿನಿಂದ ಅದನ್ನು ಉಳಿಸಿದ್ದು ಮರದ ಹೊಟ್ಟು ಮತ್ತು ಹುಲ್ಲಿನ ಹೊದಿಕೆ. ಮದರಾಸಿನ ಕಡಲ ದಂಡೆಯಲ್ಲಿ ಅದಕ್ಕೆಂದೇ 1842ರಲ್ಲಿ ಒಂದು ಐಸ್ ಮನೆ ಎದ್ದಿತು. ವಿವೇಕಾನಂದರು 1897ರಲ್ಲಿ ತಂಗಿದ್ದ ಆ ಕಟ್ಟಡ ಇಂದು ಅವರ ಹೆಸರನ್ನೇ ಹೊತ್ತಿದೆ. ಮುಂಬಯಿಯಲ್ಲಿ ಜಮ್ಶೆಟ್‌ಜಿ ಜೀಜೀಭಾಯ್ ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದಾಗ ಉಂಡವರಿಗೂ ಬಡಿಸಿದವರಿಗೂ ನೆಗಡಿ ಬಂತೆಂದು ಅಲ್ಲಿಯ ಗುಜರಾತಿ ಪತ್ರಿಕೆ ಹಂಗಿಸಿದ ಕಥೆ ಪ್ರಸಿದ್ಧ. 1870ರ ದಶಕದ ಕೊನೆಗೆ ಕಲ್ಕತ್ತದಲ್ಲೇ ಯಂತ್ರದಿಂದ ಐಸ್ ತಯಾರಾಗತೊಡಗಿ ಅಮೆರಿಕದ ಕೆರೆಗಳ ಐಸು ಬರುವುದು ನಿಂತಿತು.

ಕೊಲ್ಲಮೊಗ್ರಿನಂಥ ಊರುಗಳಿಗೂ ಐಸ್ ತಲುಪಿದ್ದು ವ್ಯಾಪಾರದ ದಾರಿಯಲ್ಲೇ. ಮಂಗಳೂರಿನ ಬಂದರಿನಿಂದ ಹೊರಟ ಮೀನು ಕುಟ್ಟಿದ ಐಸಿನ ಪೆಟ್ಟಿಗೆಯಲ್ಲಿ ಮಲಗಿ ಬರುತ್ತದೆ. ಹಾರ್ನ್ ಕೇಳಿದೊಡನೆ ಹೆಂಗಸರು ಪಾತ್ರೆ ಹಿಡಿದು ರಸ್ತೆಗೆ ಬರುತ್ತಾರೆ. ಮೀನು ಮಾರುವ ಬ್ಯಾರಿ ಕಾಕ ಬುತ್ತಿಯ ಹುಡುಗರ ಕೈಗೆ ಒಂದೊಂದು ಐಸಿನ ಚೂರು ಹಾಕುವುದನ್ನು ನಾನೇ ನೋಡಿದ್ದೇನೆ. ಅಕ್ಬರನ ಕೂಲಿಗೆ ಸಿಕ್ಕಿತೋ ಇಲ್ಲವೋ, ನಮ್ಮ ಶಾಲೆಯ ಮಕ್ಕಳಿಗೆ ಸಿಕ್ಕಿದೆ.

ಯಂತ್ರದ ತಂಪು ಅಡುಗೆಮನೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ 1927ರಲ್ಲಿ ತಂದ, ತಲೆಯ ಮೇಲೆ ಕಂಪ್ರೆಸರ್ ಹೊತ್ತ ಫ್ರಿಜ್ ಲಕ್ಷಾಂತರ ಮನೆಗಳನ್ನು ಸೇರಿತು. ಆರಂಭದ ಫ್ರಿಜ್ಜುಗಳಲ್ಲಿದ್ದುದು ವಿಷಾನಿಲ. ಬರ್ಲಿನ್ನಿನಲ್ಲಿ ಅನಿಲ ಸೋರಿ ಒಂದು ಕುಟುಂಬವೇ ಸತ್ತ ಸುದ್ದಿಯನ್ನು ಓದಿ ಮರುಗಿದ ಐನ್‌ಸ್ಟೀನ್ ತಮ್ಮ ಗೆಳೆಯ ಲಿಯೋ ಜಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜಿಗೆ ಪೇಟೆಂಟು ಪಡೆದಿದ್ದರು. ಅದು ಅಂಗಡಿಗೆ ಬರಲಿಲ್ಲ. ಅಷ್ಟರಲ್ಲಿ, 1928ರಲ್ಲಿ, ಥಾಮಸ್ ಮಿಜ್ಲಿಯ ತಂಡ ಕಂಡುಹಿಡಿದ ಫ್ರಿಯಾನ್ ವಿಷವೂ ಅಲ್ಲದ, ಬೆಂಕಿಯೂ ಹಿಡಿಯದ ಅನಿಲವೆಂದು ಹೆಸರಾಗಿ ಎಲ್ಲೆಡೆ ಹರಡಿತು. ಅದು ಆಕಾಶದ ಓಜೋನ್ ಪದರವನ್ನು ತಿನ್ನಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದು 1974ರಲ್ಲಿ. ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರದ ವರದಿ ಬಂದದ್ದು 1985ರಲ್ಲಿ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಅಡುಗೆಮನೆಯ ಒಂದು ಪೆಟ್ಟಿಗೆ ಇಡೀ ಭೂಮಿಯ ಚಪ್ಪರಕ್ಕೆ ತೂತು ಕೊರೆಯಬಲ್ಲದೆಂದು ಮನುಷ್ಯ ಕಲಿತ ಪಾಠವಿದು. ಜಗತ್ತು ಒಂದಾಗಿ ತಿದ್ದಿಕೊಂಡ ಅಪರೂಪದ ತಪ್ಪೂ ಹೌದು.

ನಮ್ಮ ದೇಶದಲ್ಲಿ ಗೋದ್ರೆಜ್ 1958ರಲ್ಲಿ ಫ್ರಿಜ್ ತಯಾರಿಸತೊಡಗಿತು. ಒಂದು ತಲೆಮಾರಿಗೆ ಚಿರಪರಿಚಿತವಾದ ಇನ್ನೊಂದು ಹೆಸರು ಆಲ್ವಿನ್. ಅದು ವಿದೇಶಿ ಹೆಸರೆಂದು ನಾನು ಬಹುಕಾಲ ತಿಳಿದಿದ್ದೆ. 1942ರಲ್ಲಿ ನಿಜಾಮನ ಸರಕಾರದ ಕೈಗಾರಿಕಾ ನಿಧಿ ಮತ್ತು ಅಲ್ಲಾವುದ್ದೀನ್ ಎಂಡ್ ಕಂಪೆನಿ ಸೇರಿ ಹೈದರಾಬಾದಿನಲ್ಲಿ ತೆರೆದ ಕಾರ್ಖಾನೆ ಅದು. ಅಲ್ಲಾವುದ್ದೀನನ ದೀಪದಿಂದ ತಂಪು ಹೊರಟಿತ್ತೆಂದು ಮಕ್ಕಳಿಗೆ ಹೇಳಿ ನಗಿಸುತ್ತಿರುತ್ತೇನೆ. ಆದರೆ ಪೆಟ್ಟಿಗೆ ಇದ್ದರೆ ಸಾಲದು, ವಿದ್ಯುತ್ತೂ ಬೇಕಲ್ಲ. ಕರ್ನಾಟಕದ ಭಾಗ್ಯಜ್ಯೋತಿ ಯೋಜನೆ ಬಡವರ ಗುಡಿಸಲಿಗೆ ಕೊಟ್ಟದ್ದು ಒಂದೇ ಒಂದು ಬಲ್ಬಿನ ಸಂಪರ್ಕ. ಆ ತಂತಿಯಲ್ಲಿ ಬೆಳಕು ಬಂತು, ತಂಪು ಬರಲಿಲ್ಲ. ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಿಗೆ ಮೊದಲ ಫ್ರಿಜ್ ಬಂದದ್ದು ಗಲ್ಫಿನಲ್ಲಿ ಬೆವರು ಸುರಿಸಿದ ಮಗನ ಸಂಬಳದಿಂದ.

ನಮ್ಮ ಮನೆಗೆ ಬಂದ ಮೊದಲ ಫ್ರಿಜ್ಜಿನ ಕಥೆ ಬೇರೆ. 1996ರಲ್ಲಿ ಆಪಾಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಏನನ್ನೂ ಬಾಯಿಬಿಟ್ಟು ಕೇಳಲಿಲ್ಲ. ದೊಡ್ಡ ಸೊಸೆಯ ತವರಿನಿಂದ ಏನೇನು ಬಂದಿತ್ತು ಎಂಬುದನ್ನು ಮಾತ್ರ ಎರಡು ಸಲ ಹೇಳಿದರು. ಅಬ್ಬಾ ಹೊಲಿಗೆ ಅಂಗಡಿಯ ಮೇಲೆ ಸಾಲ ಮಾಡಿ 165 ಲೀಟರಿನ ಫ್ರಿಜ್ ತಂದರು. ಆ ಕಾಲದ ಮಧ್ಯಮ ವರ್ಗದ ಅಳತೆ ಅದು. ಮದುವೆಯ ಹಿಂದಿನ ರಾತ್ರಿ ಅದು ನಮ್ಮ ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ನಿಂತಿತ್ತು. ಚಿಕ್ಕವಳಾದ ನನಗೆ ಒಮ್ಮೆ ಬಾಗಿಲು ತೆರೆದು ನೋಡುವ ಆಸೆ. ಅಮ್ಮಿ ಬಿಡಲಿಲ್ಲ. "ಅದು ನಮ್ಮದಲ್ಲ ಬೇಟಾ" ಎಂದಳು. ಮರುದಿನ ಅದು ಚಪ್ಪರದಲ್ಲಿ ಹಾಸಿಗೆ, ಬೀರುಗಳ ಪಕ್ಕದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ನಿಂತು, ಸಂಜೆ ಟೆಂಪೋ ಏರಿ ಹೋಯಿತು. ಸಾಲ ತೀರಲು ಮೂರು ವರ್ಷ ಹಿಡಿಯಿತು. ಆ ಮೂರು ಬೇಸಗೆಯೂ ನಾವು ಸುರಾಹಿಯ ನೀರನ್ನೇ ಕುಡಿದೆವು. ವರದಕ್ಷಿಣೆ ನಿಷೇಧ ಕಾಯಿದೆ 1961ರಷ್ಟು ಹಳೆಯದು. ನಿಕಾಹ್‌ನಲ್ಲಿ ಕೊಡಬೇಕಾದವನು ಗಂಡು, ಅದು ಮಹರ್ ಎಂಬುದು ಅದಕ್ಕಿಂತಲೂ ಹದಿಮೂರು ಶತಮಾನ ಹಳೆಯದು. ಎರಡನ್ನೂ ಬಲ್ಲವರೇ ಆ ಚಪ್ಪರದಲ್ಲಿ ಬಿರಿಯಾನಿ ಉಂಡರು.

ಫ್ರಿಜ್ಜಿನ ಗಾತ್ರದ ಪ್ರಶ್ನೆ ನಮ್ಮ ಸಮಾಜದಲ್ಲಿ ಮತ್ತೆ ಏಳುವುದು ಬಕ್ರೀದಿನ ಹೊತ್ತಿಗೆ. ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಒಂದನ್ನು ಮನೆಗೆ, ಒಂದನ್ನು ಬಂಧುಗಳಿಗೆ, ಒಂದನ್ನು ಬಡವರಿಗೆ ಕೊಡುವುದು ರೂಢಿ. ನನ್ನ ಬಾಲ್ಯದಲ್ಲಿ ಮನೆಯ ಪಾಲೂ ಬಹುಕಾಲ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಒಂದಿಷ್ಟನ್ನು ಅಮ್ಮಿ ಉಪ್ಪು, ಅರಿಶಿನ ಸವರಿ ಹಗ್ಗಕ್ಕೆ ಇಳಿಬಿಟ್ಟು ಒಣಗಿಸುತ್ತಿದ್ದಳು. ಮಿಕ್ಕಿದ್ದು ಕೆಡುವ ಮೊದಲು ಯಾರದಾದರೂ ಬಾಗಿಲು ತಟ್ಟುತ್ತಿತ್ತು. ಫ್ರೀಜರ್ ಬಂದ ಮೇಲೆ ಆ ಅವಸರ ಹೋಯಿತು. ಪಾಲು ಮಾಡುವ ಕೈ ಕೆಲವೊಮ್ಮೆ ಹಗುರಾಯಿತು.

ಇಲ್ಲಿ ಒಂದು ಹದೀಸ್ ನೆನಪಾಗುತ್ತದೆ. ಒಂದು ವರ್ಷ ಹಸಿದ ಜನ ಮದೀನಾಕ್ಕೆ ಬಂದಿದ್ದರು. ಆಗ ಪ್ರವಾದಿ(ಸ)ಯವರು ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ತಡೆದರು. ಮರುವರ್ಷ ಜನ ಮತ್ತೆ ಕೇಳಿದಾಗ, ಅದು ಆ ಕಷ್ಟದ ವರ್ಷಕ್ಕಾಗಿ ಹೇಳಿದ್ದು, ಈಗ ತಿನ್ನಿ, ತಿನ್ನಿಸಿ, ಕೂಡಿಟ್ಟುಕೊಳ್ಳಿ ಎಂದು ಅನುಮತಿ ಕೊಟ್ಟರು. ಕೂಡಿಡುವುದು ತಪ್ಪೆಂದು ಅವರು ಹೇಳಲಿಲ್ಲ. ಕೂಡಿಡುವ ಮೊದಲು ಬಾಗಿಲಾಚೆ ಯಾರಿದ್ದಾರೆಂದು ನೋಡಲು ಕಲಿಸಿದರು. ಎಷ್ಟು ಲೀಟರ್ ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಅತ್ಯಂತ ಹಳೆಯ ಉತ್ತರ ಇದು.

ನಮ್ಮ ಬಾಗಿಲಾಚೆ ಇರುವವರು ಒಬ್ಬ ಅಜ್ಜಿ. ಕೆಳಗಿನ ತೋಟದ ಅಂಚಿನಲ್ಲಿ, ಕೂಲಿಗೆ ಹೋಗುವ ಮಗನೊಡನೆ ಇದ್ದಾರೆ. ಸಕ್ಕರೆ ಕಾಯಿಲೆ. ವರ್ಷಗಳ ಹಿಂದೆ ಒಂದು ಸಂಜೆ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಬಂದು, "ಟೀಚರೇ, ನಿಮ್ಮಲ್ಲಿ ಫ್ರಿಜ್ ಉಂಟಲ್ಲ, ಇದೊಂದು ಇಡಬಹುದಾ?" ಎಂದರು. ಇನ್ಸುಲಿನ್. ಮನುಷ್ಯನಿಗೆ ಮೊದಲು ಕೊಟ್ಟದ್ದು 1922ರಲ್ಲಿ. ಬಳಕೆಗೆ ತೆರೆದದ್ದು ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ತೆರೆಯದ ದಾಸ್ತಾನು ಮಾತ್ರ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಅದು ಹೆಪ್ಪುಗಟ್ಟಿದರೂ ಕೆಟ್ಟಿತು. ಅಂದಿನಿಂದ ನಮ್ಮ ಫ್ರಿಜ್ಜಿನ ನಡುವಿನ ತಟ್ಟಿನಲ್ಲಿ ಅಜ್ಜಿಯ ಸ್ಟೀಲ್ ಡಬ್ಬಿಗೊಂದು ಜಾಗ.

2022ರ ಆಗಸ್ಟ್ ಮೊದಲ ವಾರದ ಮಳೆಯನ್ನು ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರಿನವರು ಮರೆಯುವುದಿಲ್ಲ. ಗುಡ್ಡ ಜರಿಯಿತು, ಹೊಳೆ ರಸ್ತೆಗೆ ಬಂತು. ನಮ್ಮ ಮನೆಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ಪಶ್ಚಿಮ ಘಟ್ಟದ ಮಳೆಯಿಂದಲೇ ನಾಡಿಗೆ ಜಲವಿದ್ಯುತ್ತು ಬರುತ್ತದೆ, ಆ ಮಳೆ ಸುರಿಯುವ ದಿನವೇ ಘಟ್ಟದ ಬುಡ ಕತ್ತಲಾಗುತ್ತದೆ. ಎರಡನೆಯ ದಿನ ಹೆದರುತ್ತಾ ಫ್ರಿಜ್ ತೆರೆದೆ. ಅದು ಹಳೆಯ ಕಾಲದ ಒಂದೇ ಬಾಗಿಲಿನದ್ದು. ಫ್ರೀಜರ್ ಸುತ್ತ ಬೆರಳು ದಪ್ಪ ಐಸ್ ಕಟ್ಟುತ್ತಿತ್ತು. ಅದನ್ನು ಕರಗಿಸುವ ಕೆಲಸಕ್ಕೆ ನಾನು ಎಷ್ಟು ಸಲ ಶಪಿಸಿದ್ದೆನೋ. ಅಂದು ಆ ಐಸೇ ನಿಧಾನಕ್ಕೆ ಕರಗುತ್ತಾ ಒಳಗನ್ನು ತಣ್ಣಗಿಟ್ಟಿತ್ತು. ಡಬ್ಬಿ ಮುಟ್ಟಿದರೆ ಕೈಗೆ ತಂಪು.

ಲಸಿಕೆ ಹಾಕಲು ಶಾಲೆಗೆ ಬರುವ ಆರೋಗ್ಯ ಸಹಾಯಕಿಗೆ ಇದನ್ನು ಹೇಳಿದಾಗ ಆಕೆ ನಕ್ಕರು. ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಪೆಟ್ಟಿಗೆ ಇದೇ ತತ್ವದ್ದಂತೆ. ಐಎಲ್‌ಆರ್ ಎಂದು ಹೆಸರು. ಗೋಡೆಗಳೊಳಗೆ ಐಸಿನ ಒಳಪದರವಿರುತ್ತದೆ, ದಿನಕ್ಕೆ ಎಂಟು ಗಂಟೆ ವಿದ್ಯುತ್ತು ಸಿಕ್ಕಿದರೂ ತಂಪು ಹಿಡಿದುಕೊಳ್ಳುತ್ತದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದ ಮೇಲೆ ನಮ್ಮ ಹಳ್ಳಿಗಳ ಮಕ್ಕಳನ್ನು ಕಾಯ್ದದ್ದು, 2021ರಲ್ಲಿ ಕೋವಿಡ್ ಲಸಿಕೆಯನ್ನು ಊರೂರಿಗೆ ಮುಟ್ಟಿಸಿದ್ದು ಇಂಥ ಪೆಟ್ಟಿಗೆಗಳ ಸರಪಳಿ. ಬಾದಶಹನ ಲೋಟದಿಂದ ಹೊರಟ ತಂಪು ಕೂಲಿಯವನ ಮಗುವಿನ ತೋಳಿಗೆ ತಲುಪಲು ನಾಲ್ಕು ಶತಮಾನ ಬೇಕಾಯಿತು.

ಮುಂದಿನ ಶನಿವಾರ ಮತ್ತೆ ಸುಳ್ಯಕ್ಕೆ ಹೋದಾಗ ನನ್ನ ಬಳಿ ಉತ್ತರವಿತ್ತು. ಐಸೇ ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್ ಚೊಕ್ಕಟ, ಕರಗಿಸುವ ಕೆಲಸವಿಲ್ಲ. ಆದರೆ ತಂಪನ್ನು ಫ್ಯಾನಿನಿಂದ ಹಂಚುವ ಅದು ಕರೆಂಟು ಹೋದರೆ ಬೇಗ ಬೆಚ್ಚಗಾಗುತ್ತದೆ. ಬಾಗಿಲು ತೆರೆಯದಿದ್ದರೂ ನಾಲ್ಕು ಗಂಟೆಯ ಮೇಲೆ ನಂಬುವಂತಿಲ್ಲ. ನಮ್ಮ ಊರಿಗೆ ಐಸ್ ಕಟ್ಟುವ ಒಂದೇ ಬಾಗಿಲಿನದ್ದೇ ಸರಿ. ಫ್ರೀಜರಿನಲ್ಲಿ ನಾಲ್ಕು ನೀರಿನ ಬಾಟಲಿ ಹೆಪ್ಪುಗಟ್ಟಿಸಿಟ್ಟರೆ ಅದೇ ನಮ್ಮ ಐಎಲ್‌ಆರ್. 2006ರಲ್ಲಿ ಆರಂಭವಾದ ನಕ್ಷತ್ರದ ಚೀಟಿಯಲ್ಲಿ ಬರೀ ನಕ್ಷತ್ರ ಎಣಿಸದೆ, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯನ್ನೂ ಓದಿದೆ. ಹಿಂಬದಿಯಲ್ಲಿ ಆರ್-600ಎ ಎಂದು ಬರೆದಿದೆಯೇ ನೋಡಿದೆ. ಅದು ಐಸೋಬ್ಯುಟೇನ್. ಓಜೋನಿಗೆ ಹಾನಿಯಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ತೀರಾ ಕಡಿಮೆ. ಫ್ರಿಯಾನಿನ ನಂತರ ಬಂದ ಆರ್-134ಎ ಓಜೋನನ್ನು ಬಿಟ್ಟರೂ, ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಹಳೆಯದನ್ನು ಗುಜರಿಗೆ ಕೊಟ್ಟು ಕೊಳವೆ ಕತ್ತರಿಸಲು ಬಿಡದೆ ಅಂಗಡಿಗೇ ಮರಳಿಸಿದೆವು.

"ಸ್ವಲ್ಪ ದೊಡ್ಡದು ತಗೊಳ್ಳಿ ಮೇಡಂ, ಹಬ್ಬಕ್ಕೆಲ್ಲ ಬೇಕಾಗ್ತದೆ" ಎಂದ ಹುಡುಗ. 180 ಲೀಟರಿನ ಆಸುಪಾಸಿನದನ್ನು ತೋರಿಸಿ, ಇಷ್ಟು ಸಾಕು ಎಂದೆ. ಮಗಳ ಮುಖ ಸಣ್ಣದಾಯಿತು. ಎರಡು ಬಾಗಿಲಿನ ಕನಸು ಅವಳಲ್ಲಿ ಇನ್ನೂ ಇದೆ. ತನ್ನ ಸಂಬಳದಲ್ಲಿ ಅವಳು ಕೊಳ್ಳಲಿ. ಅವಳ ಮದುವೆಯ ಚಪ್ಪರದಲ್ಲಿ ಮಾತ್ರ ಫ್ರಿಜ್ ನಿಲ್ಲುವುದಿಲ್ಲ. ಇದು ನಾವಿಬ್ಬರೂ ಅವಳಿಗೆ ಕೊಟ್ಟ ಮಾತು.

ಸಂಜೆ ಫ್ರಿಜ್ ಮನೆಗೆ ಬಂತು. ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಬೇಕಂತೆ. ಹಾಗೆ ಕಾಯುತ್ತಿರುವಾಗಲೇ ಅಂಗಳದಲ್ಲಿ ಅಜ್ಜಿಯ ದನಿ ಕೇಳಿತು.

"ಟೀಚರೇ, ಹೊಸದು ಬಂತಂತೆ. ನನ್ನ ಡಬ್ಬಿಗೆ ಜಾಗ ಉಂಟಾ?"

"ಉಂಟು ಅಜ್ಜಿ, ಒಳಗೆ ಬನ್ನಿ" ಎಂದೆ.